ಅಕ್ಕ ತಾನೇ ಬರುವ ದಾರಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಏಳನೇ ಕ್ಲಾಸಿಗೆ. ನಿಲ್ಲಿಸಿದ್ದು ಎನ್ನುವುದು ನನ್ನ ಮಾತು. ನಮ್ಮ ಮೇಷ್ಟ್ರನ್ನು ಕೇಳಿದರೆ ಬೇರೆ ಮಾತು ಬಂದೀತು. ಇವತ್ತು ಬೆಳಿಗ್ಗೆ ಧರ್ಮಪುರದ ನನ್ನ ಪಂಚರ್ ಅಂಗಡಿಯಲ್ಲಿ ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದೆ, ಆ ಘಾಟಿಗೆ ಹಳೆಯದೆಲ್ಲ ಎದ್ದು ಬಂತು. ಕೈಯಲ್ಲಿದ್ದದ್ದು ಅಕ್ಕನ ಸ್ಕೂಟರಿನ ಟ್ಯೂಬು. ಹಿಂದೆ ಎರಡು ಗಾಲಿ ಜೋಡಿಸಿದ ಸರ್ಕಾರಿ ಸ್ಕೂಟರು ಅದು. ಅಕ್ಕ ಬೆಂಚಿನ ಮೇಲೆ ಕೂತು, ಹನ್ನೊಂದಕ್ಕೆ ಪಂಚಾಯ್ತಿ ಸಭೆ, ಬೇಗ ಮುಗಿಸು ಎಂದು ಅವಸರ ಮಾಡುತ್ತಿದ್ದಳು.

ಕೂಸಾಗಿದ್ದಾಗ ಬಂದ ಜ್ವರ ಅಕ್ಕನ ಎರಡೂ ಕಾಲಿನ ಬಲ ತಗೊಂಡು ಹೋಯಿತು. ಶಾಲೆಗೆ ಅವಳನ್ನು ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದವನು ನಾನು. ನಿಜ ಹೇಳಬೇಕೆಂದರೆ ನಾನು ಶಾಲೆಗೆ ಹೋದದ್ದೇ ಅವಳನ್ನು ಇಳಿಸಲಿಕ್ಕೆ. ಅವಳು ಒಳಗೆ ಲೆಕ್ಕ ಮಾಡುತ್ತಿದ್ದಳು, ನಾನು ಕಿಟಕಿಯಾಚೆ ಹೋಗುವ ಕುರಿ ಎಣಿಸುತ್ತಿದ್ದೆ. ಆಮೇಲೂ ಅಷ್ಟೇ, ಹಿರಿಯೂರಿನ ಆಸ್ಪತ್ರೆ, ನೆಂಟರ ಮದುವೆ, ಎಲ್ಲಿಗಾದರೂ ನನ್ನ ಬೆನ್ನೇ. "ಇಬ್ರಿಗೂ ಸೇರಿ ಒಂದೇ ಟಿಕೆಟ್ ಹರೀಲೇನಪ್ಪ?" ಎಂದು ಬಸ್ಸಿನ ಕಂಡಕ್ಟರು ರೇಗಿಸುತ್ತಿದ್ದ. ಮಾರಿಕಣಿವೆಯ ಅಣೆಕಟ್ಟೆ ಮೇಲಕ್ಕೂ ಹೊತ್ತು ಹತ್ತಿದ್ದೇನೆ ಎಂದು ನಾನು ಈಗಲೂ ಜಂಬ ಕೊಚ್ಚುವುದುಂಟು. ಅಕ್ಕನ ಪ್ರಕಾರ ಅವತ್ತು ಅವಳಿಗೆ ನೀರು ನೋಡಿದ ನೆನಪಿಲ್ಲ, ನನ್ನ ಏದುಸಿರು ಕೇಳಿದ ನೆನಪು ಮಾತ್ರ ಇದೆ.

ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವವನು ಮೆಹಬೂಬ್, ತಾನೂ ಕೋಲೂರಿ ನಡೆಯುವವನು. ನಿಮಗಂತಲೇ ತೆಗೆದಿಟ್ಟ ದುಡ್ಡಿದೆ, ಅರ್ಜಿ ಹಾಕಿ ಎಂದು ಅವನು ಬಂದು ಹೇಳಿದಾಗಲೆಲ್ಲ ನಾನು ಟೀ ಕುಡಿಸಿ ಕಳಿಸುತ್ತಿದ್ದೆ. ಇಷ್ಟು ವರ್ಷ ಯಾರ ಮುಂದೂ ಕೈಚಾಚದ ಮನೆ, ನನ್ನ ಬೆನ್ನು ಗಟ್ಟಿ ಇದೆ ಎನ್ನುವುದು ನನ್ನ ವಾದ.

ಕೆಲವು ವರ್ಷದ ಹಿಂದೆ ಅಂಗವಿಕಲರ ಗ್ರಾಮಸಭೆ ಕರೆದರು. ಎಲ್ಲಿ ಅಂತೀರಿ? ಪಂಚಾಯ್ತಿ ಮಹಡಿಯ ಮೇಲೆ. ನಾನು ಅಕ್ಕನನ್ನು ಹೊತ್ತು, ಎಲ್ಲರೂ ನೋಡಲಿ ಎಂದೇ ಮೆಟ್ಟಿಲು ಹತ್ತಿದೆ. ಹೊರುವವರಿಲ್ಲದ ಅರ್ಧ ಜನ ಕೆಳಗೆ ಹೊಂಗೆಮರದಡಿ ಕೂತಿದ್ದರು. ಸಭೆಯಲ್ಲಿ ಅಧಿಕಾರಿ, ನಿಮಗೇನು ಬೇಕಮ್ಮ ಎಂದು ಅಕ್ಕನನ್ನು ಕೇಳಿದರು.

"ನಮಗೇನೂ ಬ್ಯಾಡ ಸಾರ್, ನಾನಿದೀನಿ," ಎಂದೆ.

ಅಕ್ಕ ನನ್ನ ಅಂಗಿ ಎಳೆದಳು. "ಸುಮ್ಕಿರಲೇ, ಕೇಳಿದ್ದು ನನ್ನ." ಆಮೇಲೆ ಅವರ ಕಡೆ ತಿರುಗಿದಳು. "ಮೊದ್ಲು ಸಭೆ ಕೆಳಗಿಳಿಸ್ರಿ ಸಾರ್. ಅರ್ಧ ಜನ ಮರದ ಕೆಳಗೆ ಕುಂತವ್ರೆ. ಆಮ್ಯಾಲೆ ನನಗೊಂದು ಗಾಡಿ ಕೊಡಸ್ರಿ. ಇವ್ನು ನನ್ನ ತಂದಿದ್ದು ಸಾಕು, ಇನ್ಮ್ಯಾಲೆ ನಾನು ಬರಬೇಕು."

ಅಧಿಕಾರಿ ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಕೆಳಗಿಳಿದರು. ಅವರ ಹಿಂದೆ ಅಕ್ಕನನ್ನು ಹೊತ್ತು ನಾನೂ ಇಳಿದೆ. ನನ್ನ ಕಿವಿ ಬಿಸಿಯಾಗಿದ್ದು ಅವಳಿಗೆ ಗೊತ್ತಾಗಿರಬೇಕು.

"ಬ್ಯಾಸರ ಮಾಡ್ಕಬ್ಯಾಡ. ಈ ಬೆನ್ನು ನಂಗೂ ಇಷ್ಟಾನೇ," ಎಂದಳು. "ಆದ್ರೆ ಇಲ್ಲಿ ಕುಂತ್ರೆ ಊರು ಕಾಣಲ್ಲ ಕಣೋ, ನಿನ್ನ ತಲೆನೇ ಕಾಣೋದು."

ಸಿಟ್ಟು ಬರಬೇಕಿತ್ತು, ನಗು ಬಂತು.

ಅವತ್ತಿನಿಂದ ಆ ಸಭೆ ಕೆಳಗೇ ನಡೆಯುತ್ತದೆ. ಪಂಚಾಯ್ತಿ ಬಾಗಿಲಿಗೆ ಇಳಿಜಾರು ಕಟ್ಟಿದರು. ಮೊದಲು ಕಟ್ಟಿದ್ದು ಆಡು ಹತ್ತುವಷ್ಟು ಕಡಿದಾಗಿತ್ತು. ಮೆಹಬೂಬ್ ಪಟ್ಟು ಹಿಡಿದು ಒಡೆಸಿ ಮತ್ತೆ ಕಟ್ಟಿಸಿದ. ಸ್ಕೂಟರಿಗಾಗಿ ಅಕ್ಕ ಹಿರಿಯೂರಿಗೆ ಓಡಾಡಿದ್ದು ಮಾತ್ರ ನನ್ನ ಬೆನ್ನ ಮೇಲೆಯೇ. ತನ್ನ ಕೆಲಸ ತಾನೇ ಕಳೆದುಕೊಳ್ಳಲು ಅಷ್ಟು ದುಡಿದ ಬೆನ್ನು ಈ ಹೋಬಳಿಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಸ್ಕೂಟರು ಬಂದ ದಿನ, ಬಿದ್ದಾಳೆಂದು ನಾನು ಹಿಂದೆಯೇ ಓಡಿದೆ. "ಲೇ, ನಿಂತ್ಕ. ನಾಯಿ ಅಟ್ಟಿಸ್ಕಂಡು ಬಂದಂಗೈತೆ," ಎಂದು ಕೂಗಿ, ಬಸ್‌ಸ್ಟ್ಯಾಂಡು ದಾಟಿ ಹೋಗಿಯೇಬಿಟ್ಟಳು.

ಇವತ್ತು ಗಾಲಿ ಕೂಡಿಸಿ ಗಾಳಿ ತುಂಬಿದೆ. ಅಕ್ಕ ಬೆಂಚಿನಿಂದ ಸೀಟಿಗೆ ಜರುಗುವಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ಬಟ್ಟೆಗೆ ಒರೆಸಿಕೊಂಡೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಪಂಚರ್ ಅಂಗಡಿ, ಒಂದು ಕಂಪ್ರೆಸರ್, ಎರಡು ಜಾಕು, ಒಂದು ಬೆಂಚು, ಒಂದು ಖಾಲಿ ಬೆನ್ನು. ಅಕ್ಕನನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅವಳು ಸಭೆಗೆ ಹೋಗಿದ್ದಾಳೆ, ಬರುತ್ತಾಳೆ.