ಮೂರನೆಯ ಪಾಲು

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಸ್ಟೇಷನ್ ರಸ್ತೆಯಲ್ಲಿ ಆಟದ ಸಾಮಾನು ಮಾರುವ ಗೆಳೆಯನೊಬ್ಬ ಒಂದು ದಿನ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದು ದನಿ ತಗ್ಗಿಸಿದ.

"ಬಬಲೇಶ್ವರದಾಗ ಒಬ್ಬ ಮುದುಕಿ ಕಡೆ ಪೆಟ್ಟಿಗಿ ತುಂಬ ಆಟ ಅದಾವಂತ. ಗಂಡ ಅಂಗಡಿ ಬೋರ್ಡ್ ಬರಿಯಾಂವ ಇದ್ನಂತ, ಆ ಆಟನೂ ಆಂವನ ಮಾಡಿದ್ನಂತ, ತೀರಿಕೊಂಡಾನ. ಸಣ್ಣ ಹುಡುಗರ ಆಟ ಅಲ್ಲ ಮಾಸ್ತರ, ಗಂಡ-ಹೆಂಡತಿ ಬಾಗಲಾ ಹಾಕ್ಕೊಂಡು ಆಡೂವು. ಚಿತ್ರ ಹೆಂಗದಾವ, ಆಟದಾಗ ಏನರ ಕಥಿ ಐತೋ ಇಲ್ಲೋ, ಅಂಗಡಿಗೆ ತರೂವಂಥವು ಹೌದೋ ಅಲ್ಲೋ, ನೋಡಿ ಬರ್ರಿ."

ರವಿವಾರ ಮಧ್ಯಾಹ್ನ ಬಸ್ಸಿನಲ್ಲಿ ಹೋದೆ. ಮುದುಕಿ ಪಡಸಾಲೆಯಲ್ಲಿ ಕಂಬಳಿ ಹಾಸಿ ಪೆಟ್ಟಿಗೆ ತೆರೆದಿಟ್ಟಳು. ಕಣ್ಣಿಗೆ ಪೊರೆ ಬಂದಿತ್ತು; ಎಲ್ಲವನ್ನೂ ಬೆರಳಿನಿಂದಲೇ ಗುರುತಿಸುತ್ತಿದ್ದಳು.

ಕವಡೆ ಆಟದ ಬಟ್ಟೆ ಪಟ, ಜೋಡಿ ಹುಡುಕುವ ಮರದ ಬಿಲ್ಲೆಗಳು, ದುಂಡನೆಯ ಇಸ್ಪೀಟು ಎಲೆಗಳು. ಚಿತ್ರ ನೋಡಿ ಮೊದಲು ನಾಚಿದೆ, ಆಮೇಲೆ ನಾಚಿಕೆ ಮರೆತೆ. ಮಿಂದು ಕೂದಲು ಹಿಂಡುವ ಹೆಣ್ಣು, ಬರಿ ಬೆನ್ನ ಮೇಲೆ ನೀರಿನ ಹನಿ. ಕುಪ್ಪಸದ ಗಂಟಿನ ಮೇಲೆ ಗಂಡಿನ ಬೆರಳು. ಗೆರೆಯಲ್ಲಿ ಎಲ್ಲೂ ಅಳುಕಿರಲಿಲ್ಲ. ಆಟ ಬೇರೆ ಬೇರೆಯಾದರೂ ಕಥೆ ಒಂದೇ: ಅಗಲಿದ ಇಬ್ಬರು ಬಂದು ಒಂದು ಮನೆ ಸೇರಬೇಕು. ಹೆಣ್ಣಿನ ಎಳೆಯ ಮುಖವೂ ಎಲ್ಲದರಲ್ಲೂ ಒಂದೇ.

"ಒಂದಾಟ ಆಡಿ ನೋಡೋಣ್ರಿ" ಎಂದೆ. ಅವಳು ಎಲೆಗಳನ್ನು ಮೂರು ಪಾಲು ಮಾಡಿ ಹಂಚಿದಳು.

"ಮೂರನೇದು ಯಾರದ್ರಿ, ಯವ್ವಾ?"

"ಆಕಿದು" ಎಂದಳು. "ಮೊದಲನೇ ಹೆಂಡತಿ. ಲಗ್ನಾದ ವರ್ಷನ ಬಾಣಂತನದಾಗ ಹೋದಳಂತ. ನನ್ನ ಕೂಡ ಆಡೂಮುಂದನೂ ಆಂವ ಆಕಿಗೊಂದು ಪಾಲು ಹಾಕತಿದ್ದ. ಆಕಿ ಸರತಿ ಬಂದಾಗ ನಾನ ಎಲಿ ಎತ್ತಿ ಒಗೀತಿದ್ದೆ."

"ನಿಮಗ ಸಂಕಟ ಆಗಲಿಲ್ಲೇನ್ರಿ?"

"ಆಗತಿತ್ತು. ಆಡೂದು ಬಿಟ್ಟಿದ್ರ ಆಂವ ಮಾತಾಡೂದನ್ನೂ ಬಿಡತಿದ್ದ."

ಅಂದೂ ಆ ಪಾಲಿನ ಎಲೆಗಳನ್ನು ಅವಳೇ ಎತ್ತಿ ಒಗೆದಳು; ಆಟ ಗೆದ್ದದ್ದು ಆ ಮೂರನೆಯ ಪಾಲು. ಬಾಗಿಲಲ್ಲಿ ಹಾಡುಹಗಲ ಬಿಸಿಲು ಬಿದ್ದಿದ್ದರೂ ಕಂಬಳಿಯ ಮೇಲಿನ ಆ ಖಾಲಿ ಜಾಗದತ್ತ ನೋಡಲು ನನಗಾಗಲಿಲ್ಲ.

"ಮಾರೂದು ಒಂದು ನೆವ ಮಾಸ್ತರ" ಎಂದಳು ಮುದುಕಿ. "ನಾ ನೋಡಿದ್ದರಾಗೆಲ್ಲಾ ಆಕಿ ಮಾರಿನ ಇತ್ತು; ಕಣ್ಣು ಚಲೋ ಇದ್ದಾಗ ಪೂರಾ ಹುಡುಕಾಕ ಧೈರ್ಯ ಸಾಲಲಿಲ್ಲ. ನೀವು ಚಿತ್ರ ಬಲ್ಲವರು. ಇದರಾಗ ನಾ ಎಲ್ಲ್ಯರ ಅದೀನೇನು, ನೋಡಿ ಹೇಳ್ರಿ."

ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಬಿಸಿಲು ಪಡಸಾಲೆಯಿಂದ ಸರಿದುಹೋಗುವವರೆಗೂ ನೋಡಿದೆ.

"ಇಲ್ರಿ" ಎಂದೆ.

ಅವಳು ತಲೆಯಾಡಿಸಿ, ಪೆಟ್ಟಿಗೆಯ ತಳದಿಂದ ಚಿತ್ರವಿಲ್ಲದ ಒಂದು ಎಲೆ ತೆಗೆದು ನನ್ನ ಕೈಗಿಟ್ಟಳು. "ಇದೊಂದು ಖಾಲಿ ಉಳದೈತಿ. ನೀವರ ನನ್ನ ಬರೀರಿ."

ಮುಂದಿನ ರವಿವಾರ ಬಣ್ಣ, ಕುಂಚ ತೆಗೆದುಕೊಂಡು ಹೋದೆ. ಅವಳು ಇಳಕಲ್ ಸೀರೆಯುಟ್ಟು, ಸೆರಗು ಹೊದ್ದು, ಗೋಡೆಗೊರಗಿ ಅಲುಗಾಡದೆ ಕುಳಿತಳು. ಅಗಲ ಹಣೆ, ಒಳಸೇರಿದ ಕೆನ್ನೆ, ದಪ್ಪ ಮೂಗು. ನೋಡಿ ನೋಡಿ ಬರೆದೆ. ಮುಗಿಸಿ ದೂರ ಹಿಡಿದಾಗ ಎಲೆಯೊಳಗೆ ಪೆಟ್ಟಿಗೆಯ ಚಿತ್ರಗಳ ಆ ಎಳೆಯ ಮುಖವೇ ಕುಳಿತಿತ್ತು. ಒರೆಸಿ ಮತ್ತೆ ಬರೆದೆ. ಮತ್ತೆ ಆ ಎಳೆಯವಳೇ ಬಂದಳು. ಅಷ್ಟು ಹೊತ್ತು ನೋಡಿದ್ದ ಗೆರೆಗಳು ನನ್ನ ಕೈಗೆ ಅಂಟಿಕೊಂಡಿದ್ದವೋ ಏನೋ, ಆಗ ಹಾಗೆ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಆತೇನ್ರಿ? ನನ್ನಂಗ ಬಂದೈತಿ?"

ನಾನು ಕುಂಚವನ್ನು ನೀರಿನಲ್ಲಿ ಅದ್ದಿ ತೊಳೆಯತೊಡಗಿದೆ.

"ಆಕಿನ ಬಂದಾಳೇನು?"

"ಹೌದ್ರಿ."

ಅವಳು ಅಳಲಿಲ್ಲ. ಕೈ ಚಾಚಿದಳು. "ಕೊಡ್ರಿ. ಆಕಿಗರ ಇನ್ನ ಯಾರದಾರ?" ಹಸಿ ಬಣ್ಣ ತಾಗದಂತೆ ಎಲೆಯ ಅಂಚು ಹಿಡಿದು, ಆರುವವರೆಗೂ ಊದುತ್ತ ಕುಳಿತಳು.

"ಚಿತ್ರ ಭಾಳ ಚಲೋ ಅದಾವ, ಕಥಿನೂ ಐತಿ. ಆದ್ರ ಅಂಗಡಿಗೆ ಬ್ಯಾಡ" ಎಂದು ಗೆಳೆಯನಿಗೆ ಹೇಳಿದೆ. ಆಮೇಲೆ ನೌಕರಿ ಮುಗಿಯುವವರೆಗೂ ಮಕ್ಕಳಿಗೆ ಹೂವು, ಹಣ್ಣು, ಕೊಡ, ಕುದುರೆ ಬರೆಯುವುದನ್ನು ಕಲಿಸಿದೆ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಅವರ ಮುಖ ಬರೆಯುವ ಧೈರ್ಯ ಮಾತ್ರ ಮತ್ತೆ ಬರಲಿಲ್ಲ.