ಹೆಸರು ಹೇಳದ ಸೊಪ್ಪು

ಅಮೆರಿಕದ ಹೇವರ್ಡ್‌ನ ಕಾಲೇಜು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಮೊಣಕಾಲು ಹಿಡಿದುಕೊಂಡಿತು. ಅದನ್ನು ಕಂಡ ಮಗಳ ಗೆಳತಿ, ಕೀನ್ಯಾದ ವಾಂಬುಯಿ, ತನ್ನ ಪ್ರಯೋಗಾಲಯದಲ್ಲಿ ನನ್ನನ್ನು ಕೂರಿಸಿ ಮುಂದೆ ಒಂದು ಗಾಜಿನ ಭರಣಿ ಇಟ್ಟಳು. ಒಳಗೆ ಒಣಗಿದ ಎಲೆ. ಅವಳ ಅಜ್ಜಿ ಕೀಲುನೋವಿಗೆ ಅರೆದು ಕಟ್ಟುತ್ತಿದ್ದುದಂತೆ. ಅದರಲ್ಲಿ ನೋವು ತಗ್ಗಿಸುವ ಅಂಶ ಯಾವುದೆಂದು ಹುಡುಕುವುದೇ ಇವಳ ಕೆಲಸ.

"ಅಜ್ಜಿ ಗಿಡದ ಹೆಸರು ಹೇಳಿಬಿಟ್ರೇನು?" ಎಂದೆ.

ಜೊತೆಗಿದ್ದ ಮಗಳು ಅದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ವಾಂಬುಯಿ ನಕ್ಕಳು. ಹೇಳುವುದೇನು, ಮೊಮ್ಮಕ್ಕಳ ಕೈಯಿಂದಲೇ ಕೀಳಿಸುತ್ತಿದ್ದಳಂತೆ.

ಧಾರವಾಡದಲ್ಲಿ ನಮ್ಮವ್ವನೂ ಮೊಣಕಾಲಿಗೆ ಸೊಪ್ಪು ಕಟ್ಟುತ್ತಿದ್ದಳು. ನಸುಕಿನಲ್ಲಿ ಒಬ್ಬಳೇ ಹೋಗಿ, ಯಾರೊಡನೆಯೂ ಮಾತಾಡದೆ, ಸೆರಗಿನಲ್ಲಿ ಮುಚ್ಚಿ ತರುವಳು. ಕೇಳಿದರೆ, "ಹೆಸರು ಹೇಳಿದ್ರ ಗುಣ ಹೋಗತೈತಿ" ಎನ್ನುವಳು. ಹೇಳದೆಯೇ ಹೋದಳು. ಅವ್ವನ ಸೊಪ್ಪಿನ ಮಾತನ್ನು ಮಗಳು ವಾಂಬುಯಿಗೆ ಹೇಳಿದಳು.

"ಮಮ್ಮಿ, ನಿಮ್ಮದು ಯಾವ ಪ್ಲಾಂಟು ಅಂತ ಕೇಳಾಕತ್ತಾಳ."

"ವಾಸನಿ ಅಷ್ಟ ಗೊತ್ತೈತಿ ಅಂತ ಹೇಳವಾ."

ವಾಂಬುಯಿ ನಗಲಿಲ್ಲ. ಎದ್ದು ಕಪಾಟು ತೆರೆದು, ಭರಣಿಗಳ ಮುಚ್ಚಳ ಬಿಚ್ಚಿ, ಒಂದೊಂದನ್ನೇ ನನ್ನ ಮೂಗಿನ ಬಳಿ ಹಿಡಿದಳು. ಕಣ್ಣು ಮುಚ್ಚಿ ಎಲ್ಲವನ್ನೂ ಮೂಸಿದೆ. ಯಾವುದರಲ್ಲೂ ಅವ್ವ ಇರಲಿಲ್ಲ.