ಹಾವಿಗೆ ವಹಿಸಿದ ಕೆಲಸ

ಕಥೆ ಹೇಳುವುದರಲ್ಲಿ ನಾನು ಜಾಣ ಎಂದು ನಮ್ಮ ಓಣಿಯ ಮಕ್ಕಳು ನಂಬಿದ್ದಾರೆ. ನಾನೂ ನಂಬಿದ್ದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಗದಗಿನ ಪಕ್ಕದ ಬೆಟಗೇರಿಯಲ್ಲಿ ಮಗ್ಗದ ಕುಣಿಗೆ ಇಳಿದವನಿಗೆ ಜಾಣ ಅನ್ನಿಸಿಕೊಳ್ಳುವ ದಾರಿಗಳು ಬಹಳ ಇಲ್ಲ ನೋಡಿ. ಹಾಗಾಗಿ ಈ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಾಗರ ಪಂಚಮಿ ಬಂತೆಂದರೆ ನನಗೆ ಬೇಡಿಕೆ ಹೆಚ್ಚು. ಜೋಕಾಲಿಯನ್ನೂ ಉಂಡಿಯನ್ನೂ ಮಕ್ಕಳಿಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಹಾಲೆರೆಯುವುದನ್ನು ಮಾತ್ರ ಹೇಳಬೇಕು. ನಮ್ಮಲ್ಲಿ ಬೆಲ್ಲವನ್ನು ಹಾಲಿನಲ್ಲಿ ಅದ್ದಿ, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಮನೆಯವರನ್ನೆಲ್ಲ ನೆನೆಯುತ್ತ ನಾಗಪ್ಪನಿಗೆ ಎರೆಯುತ್ತಾರೆ. ಈ ಪಾಲು ಯಾಕೆ ಎಂದು ಮಕ್ಕಳು ಕೇಳಿದಾಗ ನನ್ನ ಕಥೆ ಹೊರಬರುತ್ತದೆ.

ಒಬ್ಬ ಸೊಸೆ. ಹಬ್ಬಕ್ಕೆ ಅವಳ ಓರಗಿತ್ತಿಯರನ್ನೆಲ್ಲ ಅವರವರ ಅಣ್ಣಂದಿರು ಬಂದು ಕರೆದೊಯ್ದರು. ಇವಳಿಗೆ ಅಣ್ಣನೇ ಇಲ್ಲ. ಹುತ್ತಕ್ಕೆ ಹೋಗಿ, ಇಲ್ಲದ ಅಣ್ಣನ ಪಾಲು ಎರೆದು ಅತ್ತಳು. ಒಳಗಿದ್ದ ನಾಗಪ್ಪ ಕೇಳಿಸಿಕೊಂಡ. ಮನುಷ್ಯನಾಗಿ, ರುಮಾಲು ಸುತ್ತಿಕೊಂಡು ಅವಳ ಬಾಗಿಲಿಗೆ ಬಂದು, ನಾನೇ ನಿನ್ನ ಅಣ್ಣ, ನಡಿ ಎಂದ. ರುಮಾಲಿನ ಬಣ್ಣ ವರ್ಷಕ್ಕೊಂದು. ಆಗ ನನ್ನ ಮಗ್ಗದ ಮೇಲೆ ಯಾವ ನೂಲು ಇರುತ್ತದೋ ಆ ಬಣ್ಣ. ಹಾವು ಹಾಲು ಕುಡಿಯುವುದಿಲ್ಲ ಎಂದು ಶಾಲೆಯ ಮಾಸ್ತರರು ಒಮ್ಮೆ ತಕರಾರು ತೆಗೆದಿದ್ದರು. ರುಮಾಲು ಸುತ್ತುವುದಕ್ಕೆ ಅವರ ತಕರಾರು ಇರಲಿಲ್ಲ.

ಇಷ್ಟು ಚೆಂದ ಕಥೆ ಹೇಳುವವನಿಗೆ ಒಬ್ಬ ತಂಗಿ ಇದ್ದಾಳೆ. ಗಂಗವ್ವ. ಲಕ್ಷ್ಮೇಶ್ವರಕ್ಕೆ ಕೊಟ್ಟದ್ದು. ಅವ್ವ ಇರುವತನಕ ಪ್ರತಿ ಪಂಚಮಿಗೂ ಹೋಗಿ ಕರೆತರುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಹೋಗಲಿಲ್ಲ. ಆಗ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ನಮ್ಮದು ಇಂಗ್ರಜಿ ಸರಕಾರದ್ದು; ಸಂಸ್ಥಾನದ ಹದ್ದಿಗೆ ಹೋಗಿಬರುವುದು ತ್ರಾಸು ಎಂದೆ. ಮಂದಿ ದಿನಾಲೂ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗಿ ಬರುತ್ತಿದ್ದರು. ಸ್ವಾತಂತ್ರ್ಯ ಬಂತು, ಹಿಂದೆಯೇ ಸಂಸ್ಥಾನವೂ ಹೋಯಿತು, ಅದರೊಂದಿಗೆ ನನ್ನ ನೆಪವೂ ಹೋಯಿತು. ಮುಂದೆ ಏಕೀಕರಣದ ಸಭೆಗಳು ಶುರುವಾದವು. ಅಗಲಿದ ಒಡಹುಟ್ಟಿದವರು ಒಂದೇ ಮನೆಗೆ ಬರಬೇಕು ಎಂದು ಗದಗಿನಲ್ಲಿ ಯಾರೋ ಭಾಷಣ ಮಾಡಿದಾಗ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಆಮೇಲೆ ಮನೆಗೆ ಬಂದು ಬಿಸಿ ರೊಟ್ಟಿ ಉಂಡು ಮಲಗಿದೆ.

ಖರೆ ಕಾರಣ ಹೇಳಲೇ? ಏನೂ ಇರಲಿಲ್ಲ. ಮೊದಲ ವರ್ಷ ಬರೀ ಆಲಸ್ಯ. ಮರುವರ್ಷ, ಹೋದ ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ನಾಚಿಕೆ. ಅದರ ಮುಂದಿನ ವರ್ಷ ಎರಡು ವರ್ಷದ ನಾಚಿಕೆ. ಮಗ್ಗದಲ್ಲಿ ಒಂದು ಎಳೆ ಹರಿದರೆ ಆಗಲೇ ಕೈಯಾಡಿಸಿ ಕೂಡಿಸಬೇಕು. ಬಿಟ್ಟು ನೇಯುತ್ತ ಹೋದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಇದು ನನಗೆ ಸೀರೆಯ ವಿಷಯದಲ್ಲಿ ಚೆನ್ನಾಗಿ ಗೊತ್ತಿತ್ತು.

ಕನ್ನಡ ನಾಡು ಇನ್ನೇನು ಒಂದಾಗುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದ ಆ ವರ್ಷ, ಹಬ್ಬಕ್ಕೆ ಕೆಲವು ದಿನ ಮೊದಲು, ಗಂಗವ್ವನ ಗಂಡನಿಗೆ ಗದಗಿನ ಪೇಟೆಯಲ್ಲಿ ಏನೋ ಕೆಲಸವಿತ್ತು. ಅವಳೂ ಜೊತೆಗೆ ಬಂದವಳು ನೀರು ಕುಡಿದು ಹೋಗುತ್ತೇನೆಂದು ನಮ್ಮ ಮನೆಗೆ ಬಂದಳು. ನಾನು ಕುಣಿಯಲ್ಲಿ ಕೂತು ನೇಯುತ್ತಿದ್ದೆ. ನನ್ನ ಕಿರಿಯ ಮಗಳು ಪಾರಿ ಅವಳ ತೊಡೆ ಏರಿ ಪಂಚಮಿ ಕಥೆಯನ್ನು ರುಮಾಲಿನ ಸಮೇತ ಒಪ್ಪಿಸಿದಳು. ಮುಗಿಸಿ, ಅತ್ತೆಯ ಗದ್ದ ಹಿಡಿದು ಹೇಳಿದಳು:

“ಅತ್ತಿ, ನಿನಗೂ ಅಣ್ಣ ಇಲ್ಲಲ್ಲ, ಅದಕ್ಕ ಹೋದ ವರ್ಷ ನಾನ ನಿನ್ನ ಅಣ್ಣನ ಪಾಲು ಹಾಕೇನಿ. ಹಾವು ಕರಿಯಾಕ ಬರತೈತಿ. ಅಂಜಬ್ಯಾಡ ಮತ್ತ.”

ನನ್ನ ಕಾಲುಗಳು ಮಗ್ಗದ ತುಳಿಗೋಲಿನ ಮೇಲೆಯೇ ನಿಂತವು. ಗಂಗವ್ವ ನನ್ನ ಕಡೆ ನೋಡಲಿಲ್ಲ. ಹುಡುಗಿಯ ಹೆರಳು ಸರಿಮಾಡುತ್ತ, “ಅಂಜಂಗಿಲ್ಲವಾ. ಆದ್ರ ಆ ಹಾವಿಗೆ ಲಕ್ಷ್ಮೇಶ್ವರದ ಹಾದಿ ಗೊತ್ತೈತೋ ಇಲ್ಲೋ” ಎಂದಳು.

“ಅಪ್ಪಗ ಗೊತ್ತೈತಲ್ಲ. ಅಪ್ಪ ಹೇಳತಾನ ಅದಕ್ಕ.”

ಆ ಕೂಸು ಲೆಕ್ಕ ಸರಿಯಾಗಿಯೇ ಹಾಕಿತ್ತು. ಕಥೆಯಲ್ಲಿ ಅಣ್ಣ ಇದ್ದವರನ್ನು ಕರೆಯಲು ಬರುತ್ತಾರೆ. ಅತ್ತೆಯನ್ನು ಯಾರೂ ಕರೆಯಲು ಹೋಗುವುದಿಲ್ಲ. ಅಂದಮೇಲೆ ಅತ್ತೆಗೆ ಅಣ್ಣ ಇಲ್ಲ. ಕಥೆ ಕಲಿಸಿದವನು ನಾನೇ. ತಪ್ಪು ತಿದ್ದದೆ ಮತ್ತೆ ಲಾಳಿ ಎಸೆದೆ. ಗಂಗವ್ವ ನೀರು ಕುಡಿದು, ಕುಂಕುಮ ಹಚ್ಚಿಸಿಕೊಂಡು ಹೋದಳು.

ಹಬ್ಬದ ಹಿಂದಿನ ದಿನ ಮಗ್ಗ ನಿಲ್ಲಿಸಿ ಲಕ್ಷ್ಮೇಶ್ವರದ ಮೋಟಾರು ಹತ್ತಿದೆ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಅವಳು ಕೇಳಿದರೆ ಹೇಳಲು ದಾರಿಯುದ್ದಕ್ಕೂ ಉತ್ತರ ಹೊಂದಿಸಿದೆ, ಒಂದೂ ನಿಲ್ಲಲಿಲ್ಲ. ನಾನು ಹೋದಾಗ ಗಂಗವ್ವ ಉಂಡಿ ಕಟ್ಟುತ್ತಿದ್ದಳು.

“ಕರಿಯಾಕ ಬಂದೇನಿ ತಂಗಿ. ನಡಿ,” ಎಂದೆ.

ಅವಳು ಕೈಯಲ್ಲಿದ್ದ ಉಂಡಿ ಪೂರ್ತಿ ಕಟ್ಟಿ ಕೆಳಗಿಟ್ಟಳು.

“ಹೆಂಗ ಬರಲಣ್ಣಾ? ಮಗಳಿಗೆ ಲಗ್ನ ಆದಮ್ಯಾಲ ಇದ ಮೊದಲನೇ ಪಂಚಮಿ. ಆಕೀನ ಕರಿಯಾಕ ಮಗ ಶಿರಹಟ್ಟಿಗೆ ಹೋಗ್ಯಾನ. ಈಗ ನಾನ ಒಬ್ಬಾಕಿಗೆ ತವರಮನಿ ಆಗೇನಿ.”

ಆ ಮದುವೆಗೆ ಸೋದರಮಾವನೆಂದು ಹೋಗಿ ಅಕ್ಕಿಕಾಳು ಹಾಕಿ ಬಂದಿದ್ದೆ. ಮದುವೆಯ ಗದ್ದಲದಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲವಲ್ಲ, ಅದಕ್ಕೇ ಧೈರ್ಯವಾಗಿ ಹೋಗಿದ್ದೆ. ನನ್ನ ತಂಗಿಗೆ ತವರು ಬೇಕಾಗಿದ್ದ ವರ್ಷಗಳು ಅಲ್ಲಿಗೆ ಮುಗಿಯುತ್ತಿವೆ ಎಂದು ಆಗ ಹೊಳೆಯಲಿಲ್ಲ. ಇಷ್ಟು ವರ್ಷ ನಾನು ಅಂಜಿದ್ದ ಪ್ರಶ್ನೆಯನ್ನು ಅವಳು ಅಂದೂ ಕೇಳಲಿಲ್ಲ. ಎಲೆ ಹಾಕಿ, ಉಣ್ಣು ಎಂದಳು. ಕೇಳಿದ್ದರೆ ಊಟ ಒಳಗಿಳಿಯುತ್ತಿತ್ತೇನೋ.

ಒಬ್ಬನೇ ಮನೆಗೆ ಬಂದೆ. ಪಾರಿ ನನ್ನ ಹಿಂದೆ ಮುಂದೆ ನೋಡಿ, ಅತ್ತಿ ಎಲ್ಲಿ ಎಂದಳು. ಅತ್ತೆಗೆ ಅಣ್ಣ ಇದ್ದಾನೆ, ಅವನು ನಾನೇ, ಹೋಗುವುದು ತಡವಾಯಿತು ಎಂದು ಕಡೆಗೂ ಹೇಳಿದೆ.

“ಹಂಗಾರ ಬರೋ ವರ್ಷ ನಿನ್ನ ಪಾಲು ಜಾಸ್ತಿ ಹಾಕತೇನಪ್ಪಾ,” ಎಂದಳು. ಹುತ್ತದೊಳಗೇ ಕೂತು ಹೊರಬಾರದ ಅಣ್ಣಂದಿರಿಗೆ ಹಾಲು ಸ್ವಲ್ಪ ಹೆಚ್ಚು ಬೇಕಾಗುತ್ತದೆ ಎಂದು ಅವಳಿಗೆ ಯಾರು ಹೇಳಿಕೊಟ್ಟರೋ. ಆ ಕಥೆಯನ್ನಂತೂ ನಾನು ಹೇಳಿರಲಿಲ್ಲ.